ಧರ್ಮಾದಾಯದ ಖಾತೆ ಮತ್ತು ಮಾರುಕಟ್ಟೆಯ ಕಾಯಿದೆ

ಹಳೆಯ ವ್ಯಾಪಾರೀ ಮನೆತನಗಳ ಕಿರ್ದಿ-ಖಾತೆಗಳನ್ನು ತೆರೆದು ನೋಡಿದವರಿಗೆ ‘ಧರ್ಮಾದಾಯ’ ಎಂಬ ಖಾತೆಯ ಪರಿಚಯ ಇದ್ದೇ ಇರುತ್ತದೆ. ಹತ್ತಿ, ಶೇಂಗಾ, ಮೆಣಸಿನಕಾಯಿ, ಬೆಲ್ಲ, ಕೊಬ್ಬರಿ, ಹೀಗೆ ಸರಕು ಯಾವುದೇ ಇರಲಿ, ಮಾರಾಟದ ಪಟ್ಟಿಯಲ್ಲಿ ರೂಪಾಯಿಗೆ ಇಷ್ಟು ಅಥವಾ ಚೀಲಕ್ಕೆ ಇಷ್ಟು ಎಂದು ಅಲ್ಪ ಮೊತ್ತವೊಂದನ್ನು ತೆಗೆದು ಈ ಖಾತೆಗೆ ಜಮಾ ಮಾಡುವುದು ಪೇಟೆಯ ವಾಡಿಕೆಯಾಗಿತ್ತು. ಕೂಡಿಬಂದ ಹಣವು ದೇವಾಲಯ, ಬಸದಿ, ಧರ್ಮಶಾಲೆ, ಪಾಠಶಾಲೆ, ಗೋಶಾಲೆ, ಪಾಂಜರಪೋಳಗಳಿಗೆ ಸಲ್ಲುತ್ತಿತ್ತು. ಅನೇಕ ಸಂಸ್ಥೆಗಳು ಈ ಖಾತೆಯ ನೆರಳಿನಲ್ಲಿಯೇ ಬೆಳೆದವು. ಆದುದರಿಂದ ಧರ್ಮಾದಾಯವನ್ನು ವ್ಯಾಪಾರಿಗಳ ಔದಾರ್ಯದ ಗುರುತೆಂದು ಭಾವಿಸುವುದು ಸಹಜವಾಗಿದೆ.

ಆದರೆ ಆ ಖಾತೆಯ ಎಡಬದಿಯಲ್ಲಿ ಜಮಾ ಆದ ಹಣ ಯಾರದು ಎಂಬ ಪ್ರಶ್ನೆಯನ್ನು ಬಹುಕಾಲದವರೆಗೆ ಯಾರೂ ಕೇಳಲಿಲ್ಲ. ಅದು ಅಂಗಡಿಯ ಯಜಮಾನನ ಲಾಭದಿಂದ ಬಂದುದೇ, ಅಥವಾ ಸರಕನ್ನು ಗಾಡಿಯಲ್ಲಿ ಹೇರಿಕೊಂಡು ಬಂದ ರೈತನ ಬೆಲೆಯಿಂದ ಕಡಿದುಕೊಂಡುದೇ? ಈ ಪ್ರಶ್ನೆಯನ್ನು ಸ್ಪಷ್ಟವಾಗಿ ಎತ್ತಿದುದು ಇಪ್ಪತ್ತನೆಯ ಶತಮಾನದ ಕೃಷಿ ಮಾರುಕಟ್ಟೆ ಕಾಯಿದೆಗಳು. ನಾಡಿನ ಆರ್ಥಿಕ ಅಭಿವೃದ್ಧಿಗಾಗಿ ಸರಕಾರಗಳು ರಚಿಸಿದ ಶಾಸನಗಳಲ್ಲಿ ಇವು ಮುಖ್ಯವಾದವು. ಇವುಗಳ ಇತಿಹಾಸವು ತೂಕ, ಬೆಲೆ, ಸುಂಕಗಳ ಇತಿಹಾಸವಾಗಿರುವಂತೆಯೇ ದಾನದ ನೀತಿಯ ಇತಿಹಾಸವೂ ಆಗಿದೆ. ವ್ಯಾಪಾರೀ ಕುಟುಂಬಗಳೂ ದೇವಾಲಯಗಳ ವಿಶ್ವಸ್ತ ಮಂಡಳಿಗಳೂ ಅದನ್ನು ತಿಳಿದಿರುವುದು ಅವಶ್ಯವಾಗಿದೆ.

ಶಿಲೆಯ ಮೇಲೆ ಬರೆದ ಲೆಕ್ಕ

ವ್ಯಾಪಾರದಿಂದ ಧರ್ಮಕಾರ್ಯಕ್ಕೆ ಪಾಲು ತೆಗೆಯುವ ಪದ್ಧತಿ ಕನ್ನಡ ನಾಡಿಗೆ ಹೊಸದಲ್ಲ. ಐಹೊಳೆಯ ಐನೂರ್ವರು, ಮುಮ್ಮುರಿದಂಡ, ನಕರ ಮುಂತಾದ ವರ್ತಕ ಸಂಘಗಳು ತಮ್ಮ ಸರಕಿನ ಹೇರು ಹೇರಿನ ಮೇಲೆ ಇಂತಿಷ್ಟು ಎಂದು ದೇವಾಲಯ-ಬಸದಿಗಳಿಗೆ ಬಿಟ್ಟುಕೊಟ್ಟ ಸಂಗತಿ ಅನೇಕ ಶಾಸನಗಳಲ್ಲಿ ದಾಖಲಾಗಿದೆ. 1204ರ ಬೆಳಗಾವಿಯ ಶಾಸನಗಳು ಇದಕ್ಕೆ ಒಳ್ಳೆಯ ನಿದರ್ಶನ. ರಟ್ಟರ ಅರಸು ನಾಲ್ಕನೆಯ ಕಾರ್ತವೀರ್ಯ ಮತ್ತು ಆತನ ಸೋದರ ಮಲ್ಲಿಕಾರ್ಜುನರ ಕಾಲದಲ್ಲಿ ವೇಣುಗ್ರಾಮದ ರಟ್ಟ ಜಿನಾಲಯಕ್ಕೆ ಸಂದ ದತ್ತಿಗಳನ್ನು ಅವು ತಿಳಿಸುತ್ತವೆ. ಅರಸರು ಕೊಟ್ಟ ಭೂಮಿಯೊಂದಿಗೆ, ಅಲ್ಲಿ ಸೇರಿದ್ದ ಊರಿನ ಹಾಗೂ ಹೊರನಾಡಿನ ವರ್ತಕರು ವಿವಿಧ ಸರಕುಗಳ ಮೇಲೆ ಗೊತ್ತುಪಡಿಸಿದ ಆಯವೂ ಅವುಗಳಲ್ಲಿ ಕಾಣಬರುತ್ತದೆ. ಆ ಕಲ್ಲುಗಳು ಇಂದು ಲಂಡನ್ನಿನ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ.

ಇಂತಹ ಶಾಸನಗಳಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಆಯವನ್ನು ಸಭೆ ಸೇರಿ, ಸಾಕ್ಷಿಗಳ ಮುಂದೆ ಗೊತ್ತುಪಡಿಸಲಾಗುತ್ತಿತ್ತು. ಎರಡನೆಯದಾಗಿ, ಯಾವ ಸರಕಿಗೆ ಎಷ್ಟು ಎಂಬುದು ನಿಶ್ಚಿತವಾಗಿತ್ತು. ಮೂರನೆಯದಾಗಿ, ಅದು ಯಾವ ಸಂಸ್ಥೆಗೆ ಸಲ್ಲಬೇಕು ಎಂಬುದು ಎಲ್ಲರೂ ಓದಬಹುದಾದ ಕಲ್ಲಿನ ಮೇಲೆ ಇತ್ತು. ದಾನವೂ ಬಹಿರಂಗ, ದಾನಿಯೂ ಬಹಿರಂಗ, ಪ್ರಮಾಣವೂ ಬಹಿರಂಗ. ಹಿಂದಿನ ಆಯಕ್ಕೂ ಮುಂದಿನ ಶತಮಾನಗಳ ಧರ್ಮಾದಾಯಕ್ಕೂ ಹೆಸರಿನಲ್ಲಿ ಹೋಲಿಕೆಯಿದ್ದರೂ ಈ ಬಹಿರಂಗತೆಯ ವಿಷಯದಲ್ಲಿ ಬಹಳ ಅಂತರವಿದೆ.

ವಸ್ತ್ರದ ಮರೆಯ ಬೆಲೆ

ಹತ್ತೊಂಬತ್ತನೆಯ ಶತಮಾನದಲ್ಲಿ ರೈಲುದಾರಿ, ಹತ್ತಿಯ ಜಿನ್ನಿಂಗ್ ಕಾರ್ಖಾನೆ ಮತ್ತು ವಿದೇಶೀ ಬೇಡಿಕೆಗಳಿಂದಾಗಿ ಹುಬ್ಬಳ್ಳಿ, ಗದಗ, ರಾಯಚೂರು, ಬಳ್ಳಾರಿಗಳಂತಹ ಪೇಟೆಗಳು ಬೆಳೆದವು. ರೈತನು ಮನೆಯ ಖರ್ಚಿಗೆ ಬೆಳೆಯುತ್ತಿದ್ದ ಕಾಲ ಹೋಗಿ, ನಗದು ಬೆಲೆಗಾಗಿ ಬೆಳೆಯುವ ಕಾಲ ಬಂದಿತು. ಆದರೆ ಪೇಟೆಯ ಕಟ್ಟುಪಾಡುಗಳೆಲ್ಲ ಪೇಟೆಯವರ ಕೈಯಲ್ಲಿಯೇ ಉಳಿದವು.

ಸಾಮಾನ್ಯವಾಗಿ ನಡೆಯುತ್ತಿದ್ದುದು ಹೀಗೆ. ಬಿತ್ತನೆಯ ಕಾಲದಲ್ಲಿ ಅಡತಿ ಅಂಗಡಿಯಿಂದ ಸಾಲ ತಂದ ರೈತ, ಸುಗ್ಗಿಯಲ್ಲಿ ಮಾಲನ್ನು ಅದೇ ಅಂಗಡಿಗೆ ತರಬೇಕಾಗಿತ್ತು. ಅಲ್ಲಿ ದಲಾಲನೂ ಖರೀದಿದಾರನೂ ಕೈಗಳ ಮೇಲೆ ವಸ್ತ್ರವನ್ನು ಹೊದಿಸಿಕೊಂಡು ಬೆರಳುಗಳನ್ನು ಒತ್ತಿ ದರ ನಿಶ್ಚಯಿಸುತ್ತಿದ್ದರು. ಮಾಲಿನ ಒಡೆಯನಾದ ರೈತ ಪಕ್ಕದಲ್ಲಿಯೇ ನಿಂತಿದ್ದರೂ ಯಾರು ಎಷ್ಟು ಕೇಳಿದರೆಂಬುದು ಅವನಿಗೆ ತಿಳಿಯುತ್ತಿರಲಿಲ್ಲ. ಆ ಬಳಿಕ ತೂಕ. ಸೇರು, ಮಣ, ಪಲ್ಲ, ಖಂಡುಗಗಳ ಪ್ರಮಾಣ ಊರಿಂದೂರಿಗೆ, ಸರಕಿನಿಂದ ಸರಕಿಗೆ ಬೇರೆಯಾಗಿದ್ದಿತು. ಕೊಳ್ಳುವ ತೂಕ ಒಂದು, ಮಾರುವ ತೂಕ ಇನ್ನೊಂದು ಇರಿಸಿಕೊಂಡ ಅಂಗಡಿಗಳೂ ಇದ್ದವು. ಕೊನೆಗೆ ಪಟ್ಟಿ ಬರೆಯುವ ವೇಳೆ ಕಡಿತಗಳು. ದಲಾಲಿ, ಹಮಾಲಿ, ತೂಕದ ಕೂಲಿ, ಚೀಲದ ಬಾಬು, ಕಸಕಡ್ಡಿಯ ಬಾಬು, ಮಾದರಿಗೆಂದು ತೆಗೆದ ಮುಷ್ಟಿ, ಗುಮಾಸ್ತನಿಗೆ ಇಷ್ಟು, ನೀರು ಹೊರುವವನಿಗೆ ಇಷ್ಟು. ಎಲ್ಲಕ್ಕೂ ಕೆಳಗೆ ದೇವಸ್ಥಾನ, ಗೋಶಾಲೆ, ಪಾಠಶಾಲೆಗಳ ಹೆಸರಿನಲ್ಲಿ ಧರ್ಮಾದಾಯ.

ಪ್ರತಿಯೊಂದು ಕಡಿತವೂ ಚಿಕ್ಕದು. ಚಿಕ್ಕದೆಂಬ ಕಾರಣದಿಂದಲೇ ಅದು ಪ್ರಶ್ನೆಗೆ ಸಿಕ್ಕದೆ ಉಳಿಯಿತು. ಒಂದು ಲೆಕ್ಕವನ್ನು ಉದಾಹರಣೆಗಾಗಿ ಮಾಡಿನೋಡಬಹುದು. ಹಳೆಯ ನಾಣ್ಯಪದ್ಧತಿಯಲ್ಲಿ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಅಂದರೆ ರೂಪಾಯಿಗೆ 192 ಪೈ. ಧರ್ಮಾದಾಯವು ರೂಪಾಯಿಗೆ ಒಂದೇ ಒಂದು ಪೈ ಎಂದಿಟ್ಟುಕೊಂಡರೆ, 96 ರೂಪಾಯಿಯ ಮಾಲು ಮಾರಿದ ರೈತನ ಕೈಯಿಂದ ಹೋಗುವುದು 8 ಆಣೆ. ಆದರೆ ವರ್ಷದಲ್ಲಿ 1,92,000 ರೂಪಾಯಿಯ ವಹಿವಾಟು ನಡೆಸಿದ ಅಂಗಡಿಯಲ್ಲಿ ಅದೇ ಪೈಗಳು ಕೂಡಿ 1,000 ರೂಪಾಯಿ ಆಗುತ್ತವೆ. ಆ ಸಾವಿರ ರೂಪಾಯಿ ಒಂದು ಸಂಸ್ಥೆಗೆ ಸಂದಾಗ ಗೋಡೆಯ ಕಲ್ಲಿನ ಮೇಲೆ ಕೆತ್ತಲ್ಪಡುವುದು ಅಂಗಡಿಯ ಹೆಸರು. ಎಂಟೆಂಟು ಆಣೆ ಕೊಟ್ಟ ನೂರಾರು ರೈತರ ಹೆಸರು ಎಲ್ಲಿಯೂ ಇರುವುದಿಲ್ಲ. ಕೊಟ್ಟೆವೆಂಬ ಅರಿವೂ ಅವರಲ್ಲಿ ಅನೇಕರಿಗೆ ಇರುವುದಿಲ್ಲ.

ವ್ಯಾಪಾರಿಗಳ ಪಕ್ಷದಲ್ಲಿಯೂ ಹೇಳಬೇಕಾದ ಮಾತುಗಳಿವೆ. ಧರ್ಮಾದಾಯದ ಹಣದಿಂದ ಕಟ್ಟಿದ ಧರ್ಮಶಾಲೆಯಲ್ಲಿ ಗಾಡಿ ಹೂಡಿಕೊಂಡು ಬಂದ ರೈತನೇ ರಾತ್ರಿ ತಂಗುತ್ತಿದ್ದನು. ಪೇಟೆಯ ನೀರಿನ ತೊಟ್ಟಿಯಲ್ಲಿ ಅವನ ಎತ್ತುಗಳೇ ನೀರು ಕುಡಿಯುತ್ತಿದ್ದವು. ಮುದಿಯಾದ, ಅಂಗಹೀನವಾದ ದನಗಳನ್ನು ಪಾಂಜರಪೋಳಗಳು ಸಾಕಿದವು. ಸಜ್ಜನ ವರ್ತಕರು ಸಂಗ್ರಹವಾದ ಮೊತ್ತಕ್ಕೆ ತಮ್ಮ ಕೈಯಿಂದಲೂ ಸೇರಿಸಿ ಕೊಡುತ್ತಿದ್ದರು. ಆ ಹಣವನ್ನು ಸ್ವಂತಕ್ಕೆ ಮುಟ್ಟುವುದು ಮಹಾಪಾಪವೆಂದು ಎಣಿಸುತ್ತಿದ್ದರು. ಇವೆಲ್ಲವೂ ನಿಜ. ಆದರೆ ಕಾರ್ಯವು ಒಳ್ಳೆಯದೆಂಬ ಮಾತ್ರಕ್ಕೆ, ಒಡೆಯನ ಸಮ್ಮತಿಯಿಲ್ಲದೆ ಅವನ ಹಣವನ್ನು ತೆಗೆಯುವ ಅಧಿಕಾರ ಯಾರಿಗೂ ಬರುವುದಿಲ್ಲ.

ಮೊದಲ ಕಾಯಿದೆಗಳು ಯಾರ ಹಿತಕ್ಕೆ?

ಮಾರುಕಟ್ಟೆಯನ್ನು ಶಾಸನದಿಂದ ತಿದ್ದುವ ಪ್ರಯತ್ನಗಳು ಮೊದಲಾದುದು ರೈತನ ಸಲುವಾಗಿ ಅಲ್ಲ. 1861ರಿಂದ 1865ರವರೆಗೆ ನಡೆದ ಅಮೆರಿಕದ ಅಂತರ್ಯುದ್ಧದಿಂದ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಕೊರತೆಯಾಯಿತು. ಮುಂಬಯಿ ಪ್ರಾಂತದ ಹತ್ತಿಗೆ, ಅದರಲ್ಲಿ ಧಾರವಾಡ ಜಿಲ್ಲೆಯ ಹತ್ತಿಗೂ, ವಿಪರೀತ ಬೇಡಿಕೆ ಬಂದಿತು. ಬೇಡಿಕೆಯೊಂದಿಗೆ ಕಲಬೆರಕೆಯೂ ಬಂದಿತು. ಅದನ್ನು ತಡೆಯಲು ಮುಂಬಯಿ ಸರಕಾರವು 1863ರಲ್ಲಿ ಹತ್ತಿಯ ವಂಚನೆಗಳ ನಿವಾರಣೆಯ ಕಾಯಿದೆಯನ್ನು ತಂದಿತು. ವಿದೇಶದ ಗಿರಣಿಗೆ ಶುದ್ಧವಾದ ಹತ್ತಿ ದೊರೆಯಬೇಕೆಂಬುದೇ ಅದರ ಲಕ್ಷ್ಯ. ಬೆಳೆದವನಿಗೆ ನ್ಯಾಯವಾದ ಬೆಲೆ ದೊರೆಯಿತೇ ಎಂಬುದನ್ನು ನೋಡುವ ಉದ್ದೇಶ ಅದಕ್ಕಿರಲಿಲ್ಲ.

ವಿದರ್ಭದ ಕಾರಂಜಾದಲ್ಲಿ 1886ರಲ್ಲಿ, ಅಂದಿನ ಹೈದರಾಬಾದ್ ರೆಸಿಡೆನ್ಸಿಯ ಆಜ್ಞೆಯ ಮೇರೆಗೆ, ದೇಶದ ಮೊದಲ ನಿಯಂತ್ರಿತ ಮಾರುಕಟ್ಟೆ ಏರ್ಪಟ್ಟಿತು. 1897ರಲ್ಲಿ ಬೇರಾರದ ಹತ್ತಿ ಮತ್ತು ಧಾನ್ಯ ಮಾರುಕಟ್ಟೆ ಕಾಯಿದೆ ಬಂದಿತು. ಇವುಗಳ ಹಿಂದೆಯೂ ಗಿರಣಿಗಳ ಹಿತವೇ ಮುಖ್ಯವಾಗಿತ್ತು. ಆದರೂ ಗೊತ್ತಾದ ಸ್ಥಳ, ಗೊತ್ತಾದ ತೂಕ, ಪರವಾನಗಿ ಪಡೆದ ದಲಾಲ ಎಂಬ ಮೂರು ತತ್ತ್ವಗಳು ಇಲ್ಲಿಂದಲೇ ನಾಡಿಗೆ ಪರಿಚಿತವಾದವು.

ಈ ನಡುವೆ ರೈತರು ತಾವೇ ಒಂದು ಮಾರ್ಗವನ್ನು ಹಿಡಿದರು. 1904ರ ಸಹಕಾರ ಕಾಯಿದೆಯು ಸಾಲದ ಸಂಘಗಳಿಗೆ ಮಾತ್ರ ಎಡೆ ಕೊಟ್ಟಿದ್ದರೆ, 1912ರ ಕಾಯಿದೆಯು ಮಾರಾಟವೇ ಮೊದಲಾದ ಇತರ ಉದ್ದೇಶಗಳ ಸಂಘಗಳಿಗೂ ಅವಕಾಶ ಮಾಡಿಕೊಟ್ಟಿತು. ಅದರ ಫಲವಾಗಿ 1915ರಲ್ಲಿ ಹುಬ್ಬಳ್ಳಿಯಲ್ಲಿ ಹತ್ತಿ ಮಾರಾಟದ ಸಹಕಾರಿ ಸಂಘವು ಸ್ಥಾಪಿತವಾಯಿತು. 1923ರಲ್ಲಿ ಶಿರಸಿಯ ಅಡಕೆ ಬೆಳೆಗಾರರು ತೋಟಗಾರರ ಸಹಕಾರಿ ಮಾರಾಟ ಸಂಘವನ್ನು ಕಟ್ಟಿದರು. ಮಾಲಿನ ಒಡೆಯನು ತೂಕವನ್ನೂ ದರವನ್ನೂ ಕಣ್ಣಾರೆ ಕಾಣಬೇಕು ಎಂಬ ಭಾವನೆ ಇಂತಹ ಸಂಘಗಳಿಂದ ಬಲವಾಯಿತು.

1926ರಲ್ಲಿ ಲಾರ್ಡ್ ಲಿನ್‌ಲಿತ್‌ಗೋ ಅವರ ಅಧ್ಯಕ್ಷತೆಯಲ್ಲಿ ನೇಮಕವಾದ ಕೃಷಿ ರಾಯಲ್ ಕಮಿಷನ್ನು 1928ರಲ್ಲಿ ವರದಿಯನ್ನು ಒಪ್ಪಿಸಿತು. ಬೆಳೆ ಹೆಚ್ಚಿಸುವ ಉಪದೇಶ ಎಷ್ಟೇ ಮಾಡಿದರೂ, ಹೆಚ್ಚಿದ ಬೆಳೆಯ ಬೆಲೆ ರೈತನ ಮನೆ ಸೇರದಿದ್ದರೆ ಅಭಿವೃದ್ಧಿಯಾಗದು ಎಂಬುದು ಅದರ ವಿಚಾರಣೆಯಿಂದ ಹೊರಪಟ್ಟ ತಾತ್ಪರ್ಯ. ಪ್ರಾಂತಗಳು ಶಾಸನದ ಮೂಲಕ ನಿಯಂತ್ರಿತ ಮಾರುಕಟ್ಟೆಗಳನ್ನು ಏರ್ಪಡಿಸಬೇಕೆಂದು ಅದು ಶಿಫಾರಸು ಮಾಡಿತು. ಅಲ್ಲಿಂದ ಮುಂದಕ್ಕೆ ಮಾರುಕಟ್ಟೆಯ ಕಾಯಿದೆಯು ಗಿರಣಿಯ ಕಾಯಿದೆಯಾಗಿ ಉಳಿಯದೆ ನಾಡಿನ ಅಭಿವೃದ್ಧಿಯ ಕಾಯಿದೆಯಾಯಿತು.

ಐದು ಶಾಸನಗಳು, ಒಂದು ನಾಡು

ಕನ್ನಡ ಮಾತನಾಡುವ ಪ್ರದೇಶಗಳು ಆಗ ಹಲವು ಆಡಳಿತಗಳಲ್ಲಿ ಹಂಚಿಹೋಗಿದ್ದವು. ಆದುದರಿಂದ ಮಾರುಕಟ್ಟೆಯ ಶಾಸನಗಳೂ ಹಲವಾದವು. ರಾಯಚೂರು, ಕಲಬುರ್ಗಿ, ಬೀದರ ಜಿಲ್ಲೆಗಳಿಗೆ ನಿಜಾಮ ಸರಕಾರದ 1930ರ, ಅಂದರೆ 1339 ಫಸಲಿಯ, ಹೈದರಾಬಾದ್ ಕೃಷಿ ಮಾರುಕಟ್ಟೆ ಕಾಯಿದೆ. ಬಳ್ಳಾರಿ ಮತ್ತು ದಕ್ಷಿಣ ಕನ್ನಡಗಳಿಗೆ 1933ರ ಮದ್ರಾಸು ವಾಣಿಜ್ಯ ಬೆಳೆಗಳ ಮಾರುಕಟ್ಟೆ ಕಾಯಿದೆ. ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡಗಳಿಗೆ 1939ರ ಮುಂಬಯಿ ಕಾಯಿದೆ. ಹಳೆಯ ಮೈಸೂರು ಸಂಸ್ಥಾನಕ್ಕೆ ಅದೇ 1939ರ ಮೈಸೂರು ಕಾಯಿದೆ. ಕೊಡಗಿಗೆ 1956ರ ಕಾಯಿದೆ. ಮೈಸೂರು ಸಂಸ್ಥಾನವು 1911ರಲ್ಲಿಯೇ ಆರ್ಥಿಕ ಸಮ್ಮೇಳನವನ್ನು ಸ್ಥಾಪಿಸಿ, 1913ರಲ್ಲಿ ಮೈಸೂರು ಬ್ಯಾಂಕನ್ನೂ 1916ರಲ್ಲಿ ವಾಣಿಜ್ಯ ಮಂಡಳಿಯನ್ನೂ ಕಂಡಿದ್ದಿತು. ಬ್ಯಾಂಕು, ಕಾರ್ಖಾನೆ, ನೀರಾವರಿಗಳ ಜೊತೆಗೆ ಸಂತೆ-ಪೇಟೆಗಳ ಸುಧಾರಣೆಯೂ ಅಭಿವೃದ್ಧಿಯ ಅಂಗವೆಂಬ ಅರಿವು ಅಲ್ಲಿ ಬೆಳೆದುಬಂದಿದ್ದಿತು.

1956ರ ನವೆಂಬರ್ 1ರಂದು ರಾಜ್ಯ ಒಂದಾಯಿತು. ಕಾಯಿದೆಗಳು ಐದಾಗಿಯೇ ಉಳಿದವು. ಅದೇ ಅವಧಿಯಲ್ಲಿ ವ್ಯಾಪಾರಿಗಳು ಈ ಶಾಸನಗಳನ್ನು ನ್ಯಾಯಾಲಯಗಳಲ್ಲಿ ಪ್ರಶ್ನಿಸಿದರು. ಇಚ್ಛೆಬಂದ ಸ್ಥಳದಲ್ಲಿ ಇಚ್ಛೆಬಂದಂತೆ ವ್ಯಾಪಾರ ಮಾಡುವುದು ಸಂವಿಧಾನವು ಕೊಟ್ಟ ಹಕ್ಕಲ್ಲವೇ ಎಂಬುದು ಅವರ ವಾದ. ಸರ್ವೋಚ್ಚ ನ್ಯಾಯಾಲಯವು 1958ರಲ್ಲಿ ಮದ್ರಾಸು ಕಾಯಿದೆಯನ್ನೂ 1961ರಲ್ಲಿ ಮುಂಬಯಿ ಕಾಯಿದೆಯನ್ನೂ ಎತ್ತಿಹಿಡಿಯಿತು. ಬೆಳೆಗಾರನನ್ನು ಅನುಚಿತ ಕಡಿತಗಳಿಂದಲೂ ಮೋಸದ ತೂಕದಿಂದಲೂ ಕಾಪಾಡಲು ವ್ಯಾಪಾರದ ಮೇಲೆ ಹಾಕಿದ ನಿರ್ಬಂಧಗಳು ಸಮಂಜಸವಾದವು ಎಂಬುದು ಆ ತೀರ್ಪುಗಳ ಸಾರ. ಸಂತೆ ಮತ್ತು ಮಾರುಕಟ್ಟೆಗಳು ಸಂವಿಧಾನದಲ್ಲಿ ರಾಜ್ಯಗಳ ಪಟ್ಟಿಯಲ್ಲಿಯೇ ಇರುವುದರಿಂದ ಶಾಸನ ರಚನೆಯ ಹೊಣೆಯೂ ರಾಜ್ಯದ ಮೇಲೆಯೇ ಬಿದ್ದಿತು.

ಈ ಹಿನ್ನೆಲೆಯಲ್ಲಿ ರಾಜ್ಯದ ವಿಧಾನಮಂಡಲವು 1966ರಲ್ಲಿ ಕೃಷಿ ಉತ್ಪನ್ನ ಮಾರಾಟ ನಿಯಂತ್ರಣ ಕಾಯಿದೆಯನ್ನು ರಚಿಸಿತು. ಅದು 1968ರ ಮೇ 1ರಂದು ಜಾರಿಗೆ ಬಂದು, ಹಿಂದಿನ ಐದು ಶಾಸನಗಳನ್ನು ತೆಗೆದುಹಾಕಿತು. ಗೊತ್ತಾದ ಪ್ರಾಂಗಣದಲ್ಲಿ ಮಾರಾಟ, ಬಹಿರಂಗ ಸವಾಲು ಅಥವಾ ಟೆಂಡರಿನಿಂದ ದರ, ಪರವಾನಗಿ ಪಡೆದ ತೂಕದವನಿಂದ ತೂಕ, ಬೆಲೆಯ ಕೂಡಲೆ ಪಾವತಿ, ವಿವಾದಗಳ ಇತ್ಯರ್ಥಕ್ಕೆ ವ್ಯವಸ್ಥೆ, ಬೆಳೆಗಾರರ ಪ್ರತಿನಿಧಿಗಳು ಬಹುಸಂಖ್ಯೆಯಲ್ಲಿರುವ ಸಮಿತಿಯ ಆಡಳಿತ, ಇವು ಅದರ ಮುಖ್ಯ ಲಕ್ಷಣಗಳು. ಮಾರುಕಟ್ಟೆಯ ಶುಲ್ಕವನ್ನು ಖರೀದಿದಾರನಿಂದ ವಸೂಲು ಮಾಡಬೇಕೆಂದು ಅದು ವಿಧಿಸಿತು. ದಲಾಲಿಯನ್ನೂ ಖರೀದಿದಾರನಿಂದಲೇ ಪಡೆಯಬೇಕೆಂಬ ನಿಯಮ ರಾಜ್ಯದಲ್ಲಿ ನೆಲೆಗೊಂಡಿತು. ನಿಯಮಗಳಲ್ಲಿ ಹೇಳದ ಯಾವ ಕಡಿತವನ್ನೂ ರೈತನ ಪಟ್ಟಿಯಲ್ಲಿ ಬರೆಯುವಂತಿಲ್ಲವಾಯಿತು. ಧರ್ಮಾದಾಯವೂ ಇದಕ್ಕೆ ಹೊರತಾಗಲಿಲ್ಲ.

ಹೀಗೆ ರೈತನಿಂದ ಧರ್ಮಾದಾಯ ತೆಗೆಯುವ ಶತಮಾನಗಳ ವಾಡಿಕೆ ಒಂದು ಶಾಸನದ ವಾಕ್ಯದಲ್ಲಿ ಅಕ್ರಮವಾಯಿತು. ದಾನವನ್ನು ಕಾಯಿದೆಯು ನಿಷೇಧಿಸಲಿಲ್ಲ. ವರ್ತಕನು ತನ್ನ ಲಾಭದಿಂದ ಎಷ್ಟು ಬೇಕಾದರೂ ಕೊಡಬಹುದಾಗಿತ್ತು. ರೈತನೂ ತನ್ನ ಪೂರ್ಣ ಬೆಲೆಯನ್ನು ಎಣಿಸಿಕೊಂಡ ಮೇಲೆ ಮನಸ್ಸಿದ್ದಷ್ಟು ಕೊಡಬಹುದಾಗಿತ್ತು. ಬೆಲೆಯನ್ನು ಎಣಿಸಿಕೊಳ್ಳುವ ಮೊದಲೇ ಇನ್ನೊಬ್ಬನು ತೆಗೆದುಕೊಳ್ಳುವಂತಿರಲಿಲ್ಲ, ಅಷ್ಟೆ.

ಸಂಗ್ರಹಿಸಿದವನೇ ವಿಶ್ವಸ್ತ

ಧರ್ಮಾದಾಯವು ಒಮ್ಮೆ ಸಂಗ್ರಹವಾದ ಮೇಲೆ ಅದರ ಸ್ಥಿತಿಯೇನು ಎಂಬುದನ್ನು ಇನ್ನೊಂದು ಶಾಸನವು ನಿರ್ಣಯಿಸಿತು. 1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾಯಿದೆಯ 54ನೆಯ ಪ್ರಕರಣವು ಪೂರ್ಣವಾಗಿ ಧರ್ಮಾದಾಯಕ್ಕೇ ಮೀಸಲಾಗಿದೆ. ವ್ಯಾಪಾರದ ರೂಢಿಯ ಮೇರೆಗಾಗಲಿ, ಪಕ್ಷಗಳ ಒಪ್ಪಂದದ ಮೇರೆಗಾಗಲಿ ಧರ್ಮಕಾರ್ಯಕ್ಕೆಂದು ವಸೂಲು ಮಾಡಿದ ಹಣವು, ಅದನ್ನು ಯಾವ ಹೆಸರಿನಿಂದ ಕರೆದರೂ, ವಸೂಲು ಮಾಡಿದವನ ಕೈಯಲ್ಲಿ ವಿಶ್ವಸ್ತ ನಿಧಿಯಾಗಿಯೇ ನಿಲ್ಲುತ್ತದೆ ಎಂದು ಅದು ಸಾರಿತು. ಅವನು ಅದರ ಲೆಕ್ಕವನ್ನು ಧರ್ಮಾದಾಯ ಆಯುಕ್ತರ ಕಚೇರಿಗೆ ಒಪ್ಪಿಸಬೇಕಾಯಿತು. ರಾಜ್ಯ ಪುನರ್ವಿಂಗಡಣೆಯ ಬಳಿಕವೂ ಮುಂಬಯಿ ಪ್ರಾಂತದಿಂದ ಬಂದ ನಾಲ್ಕು ಜಿಲ್ಲೆಗಳಲ್ಲಿ ಈ ಕಾಯಿದೆ ಬಹುಕಾಲ ನಡೆಯಿತು. ಪೇಟೆಯ ಪಟ್ಟಿಯಲ್ಲಿದ್ದ ಶಬ್ದವೇ ಸರಕಾರದ ಕಚೇರಿಯ ಹೆಸರಾದುದು ಗಮನಾರ್ಹವಾಗಿದೆ.

1979ರಲ್ಲಿ ಸರ್ವೋಚ್ಚ ನ್ಯಾಯಾಲಯದ ಮುಂದೆ ಇದೇ ವಿಷಯ ಆದಾಯ ತೆರಿಗೆಯ ರೂಪದಲ್ಲಿ ಬಂದಿತು. ಉತ್ತರ ಪ್ರದೇಶದ ಹಾಥರಸಿನ ಹತ್ತಿ ಗಿರಣಿಯೊಂದು ಗಿರಾಕಿಗಳಿಂದ ಬೆಲೆಯ ಜೊತೆಗೆ ಧರ್ಮಾದಾಯವನ್ನು ಬೇರೆಯಾಗಿ ವಸೂಲು ಮಾಡುತ್ತಿದ್ದಿತು. ಅದು ಗಿರಣಿಯ ವ್ಯಾಪಾರದ ಆದಾಯವೆಂದು ಇಲಾಖೆ ವಾದಿಸಿತು. ಆ ಹಣ ಕೈಗೆ ಬರುವಾಗಲೇ ಧರ್ಮಕಾರ್ಯದ ಹೊಣೆಯನ್ನು ಹೊತ್ತುಕೊಂಡು ಬಂದಿರುವುದರಿಂದ ಅದು ಗಿರಣಿಯ ಆದಾಯವೇ ಅಲ್ಲ ಎಂದು ನ್ಯಾಯಾಲಯವು ನಿರ್ಣಯಿಸಿತು.

ಈ ತೀರ್ಪನ್ನು ವ್ಯಾಪಾರಿಗಳು ತೆರಿಗೆಯ ವಿನಾಯಿತಿಯೆಂದು ಸಂತೋಷದಿಂದ ಸ್ವಾಗತಿಸುವುದು ಸಹಜ. ಆದರೆ ಅದರ ನೀತಿಯ ಅರ್ಥವನ್ನೂ ಒಪ್ಪಿಕೊಳ್ಳಬೇಕಾಗುತ್ತದೆ. ಯಾವುದು ತನ್ನ ಆದಾಯವಲ್ಲವೋ ಅದನ್ನು ಕೊಟ್ಟದ್ದು ತನ್ನ ದಾನವೂ ಆಗಲಾರದು. ತೆರಿಗೆಯ ಅಧಿಕಾರಿಯ ಮುಂದೆ ಪರರ ಹಣ, ಸಭೆಯ ಮುಂದೆ ಸ್ವಂತ ದಾನ ಎಂದು ಒಂದೇ ಮೊತ್ತವನ್ನು ಎರಡು ಬಗೆಯಾಗಿ ಹೇಳುವುದು ಲೆಕ್ಕಶಾಸ್ತ್ರಕ್ಕೂ ಸಲ್ಲದು, ಧರ್ಮಶಾಸ್ತ್ರಕ್ಕೂ ಸಲ್ಲದು. ಅಂತಹ ಹಣವನ್ನು ತಲುಪಿಸಿದವನಿಗೆ ಪ್ರಾಮಾಣಿಕ ವಾಹಕನೆಂಬ ಗೌರವವಿದೆ. ಅದು ಸಣ್ಣ ಗೌರವವೇನೂ ಅಲ್ಲ. ದಾನಿಯ ಸ್ಥಾನ ಮಾತ್ರ ಹಣ ಕೊಟ್ಟವನದು.

ಶಾಸ್ತ್ರವು ಮೊದಲೇ ಹೇಳಿದುದು

ಕಾಯಿದೆಗಳು ಇಪ್ಪತ್ತನೆಯ ಶತಮಾನದಲ್ಲಿ ಕಂಡುಕೊಂಡ ಈ ವಿಚಾರಗಳು ಶ್ರಾವಕಾಚಾರಕ್ಕೆ ಅಪರಿಚಿತವಲ್ಲ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಹೆಚ್ಚುಕಡಿಮೆಯ ಅಳತೆ-ತೂಕಗಳನ್ನು ಇರಿಸಿಕೊಳ್ಳುವ ಹೀನಾಧಿಕಮಾನೋನ್ಮಾನವೂ, ಕಲಬೆರಕೆ ಮಾಡುವ ಪ್ರತಿರೂಪಕ ವ್ಯವಹಾರವೂ, ರಾಜ್ಯದ ನಿಯಮವನ್ನು ಮೀರುವ ವಿರುದ್ಧರಾಜ್ಯಾತಿಕ್ರಮವೂ ಸೇರಿವೆ. 1863ರ ಕಾಯಿದೆಯ ವಿಷಯ ಕಲಬೆರಕೆ. 1956ರ ತೂಕ ಮತ್ತು ಅಳತೆಗಳ ಪ್ರಮಾಣ ಕಾಯಿದೆಯ ವಿಷಯ ತೂಕ. ಈ ಎರಡನೆಯ ಕಾಯಿದೆಯ ಮೂಲಕವೇ 1958ರಿಂದ ಹಂತಹಂತವಾಗಿ ಕಿಲೋಗ್ರಾಂ ಬಳಕೆಗೆ ಬಂದು, 1960ರ ದಶಕದ ಆದಿಭಾಗದಲ್ಲಿ ಕಡ್ಡಾಯವಾಯಿತು. ಊರಿಗೊಂದು ಸೇರು, ಪೇಟೆಗೊಂದು ಮಣ ಎಂಬ ಗೊಂದಲ ಕಾನೂನಿನ ದೃಷ್ಟಿಯಲ್ಲಿ ಅಲ್ಲಿಗೆ ಮುಗಿಯಿತು. ಮುಂದೆ 2009ರ ಕಾನೂನು ಮಾಪನ ಕಾಯಿದೆಯು ಈ ಕಾರ್ಯವನ್ನು ಮುಂದುವರಿಸಿತು.

ದಾನದ ವಿಷಯದಲ್ಲಿಯೂ ಅಷ್ಟೆ. ಪರರ ಉಪಕಾರಕ್ಕಾಗಿ ತನ್ನದನ್ನು ಬಿಟ್ಟುಕೊಡುವುದೇ ದಾನವೆಂದು ತತ್ತ್ವಾರ್ಥಸೂತ್ರವು ಲಕ್ಷಣ ಹೇಳುತ್ತದೆ. ‘ತನ್ನದು’ ಎಂಬುದು ಆ ಲಕ್ಷಣದ ಅವಿಭಾಜ್ಯ ಭಾಗ. ಬಿಟ್ಟುಕೊಡುವುದರಿಂದ ತನ್ನ ಲೋಭವು ಕರಗಬೇಕು ಎಂಬುದೇ ಅಲ್ಲಿಯ ಆಶಯವಾದುದರಿಂದ, ಇನ್ನೊಬ್ಬನ ಸಂಪತ್ತಿನಿಂದ ತೆಗೆದು ಕೊಟ್ಟರೆ ಕೊಟ್ಟವನ ಪರಿಗ್ರಹವು ಒಂದು ಕಾಸಿನಷ್ಟೂ ಕಡಿಮೆಯಾಗುವುದಿಲ್ಲ. ರೈತನ ಪಟ್ಟಿಯಿಂದ ಧರ್ಮಾದಾಯವನ್ನು ತೆಗೆದುಹಾಕಿದ ಕಾಯಿದೆಯು, ಅರಿತೋ ಅರಿಯದೆಯೋ, ದಾನವನ್ನು ಅದರ ಶಾಸ್ತ್ರೀಯ ಅರ್ಥಕ್ಕೆ ಮರಳಿಸಿತೆಂದು ಹೇಳಬಹುದು.

ಸಾಧಿಸಿದುದು, ಉಳಿದುದು

ಕಾಯಿದೆಯಿಂದ ನಾಡಿಗೆ ಆದ ಲಾಭ ಪ್ರತ್ಯಕ್ಷವಾಗಿದೆ. ಊರಿನ ಇಕ್ಕಟ್ಟಾದ ಓಣಿಗಳಿಂದ ವಹಿವಾಟು ವಿಶಾಲವಾದ ಪ್ರಾಂಗಣಗಳಿಗೆ ಬಂದಿತು. ಹರಾಜುಕಟ್ಟೆ, ಗೋದಾಮು, ರಸ್ತೆ, ತೂಕದ ಯಂತ್ರಗಳು ಮಾರುಕಟ್ಟೆಯ ಶುಲ್ಕದಿಂದ ನಿರ್ಮಾಣವಾದವು. ಬ್ಯಾಡಗಿಯ ಮೆಣಸಿನಕಾಯಿ, ತಿಪಟೂರಿನ ಕೊಬ್ಬರಿ, ಕಲಬುರ್ಗಿಯ ತೊಗರಿ, ಶಿವಮೊಗ್ಗದ ಅಡಕೆಗಳ ದರ ದಿನದಿನವೂ ಪತ್ರಿಕೆಗಳಲ್ಲಿ ಪ್ರಕಟವಾಗಿ, ಹಳ್ಳಿಯಲ್ಲಿ ಕುಳಿತವನಿಗೂ ತಿಳಿಯುವಂತಾಯಿತು. 2014ರಿಂದ ರಾಜ್ಯದ ಮಾರುಕಟ್ಟೆಗಳಲ್ಲಿ ಗಣಕಯಂತ್ರದ ಮೂಲಕ ಏಕೀಕೃತ ಹರಾಜು ಬೆಳೆಯಿತು. 2016ರಲ್ಲಿ ಕೇಂದ್ರ ಸರಕಾರವೂ ರಾಷ್ಟ್ರೀಯ ಮಟ್ಟದಲ್ಲಿ ಅಂತಹುದೇ ಒಂದು ವ್ಯವಸ್ಥೆಯನ್ನು ಆರಂಭಿಸಿತು. ವಸ್ತ್ರದ ಮರೆಯ ಬೆರಳುಗಳಿಂದ ತೆರೆದ ಪರದೆಯ ಅಂಕಿಗಳವರೆಗೆ ಬಂದ ಈ ದಾರಿ ದೀರ್ಘವಾದುದು.

ಆದರೆ ಶಾಸನಕ್ಕೆ ಸಾಧ್ಯವಾಗದ ಕೆಲಸಗಳೂ ಇದ್ದವು. ಬಿತ್ತನೆಗೆ ಅಡತಿಯ ಸಾಲವನ್ನೇ ನಂಬಿದ ರೈತನಿಗೆ ಬಹಿರಂಗ ಸವಾಲಿನಲ್ಲಿಯೂ ಪೂರ್ಣ ಸ್ವಾತಂತ್ರ್ಯ ಬರಲಿಲ್ಲ. ಬಿಳಿ ಚೀಟಿಯ ವ್ಯವಹಾರಗಳು ಅಲ್ಲಲ್ಲಿ ಉಳಿದವು. ಕೆಲವೆಡೆ ಪರವಾನಗಿಯೇ ಕೆಲವರ ಸ್ವತ್ತಿನಂತಾಗಿ, ಹೊಸ ಖರೀದಿದಾರರಿಗೆ ಬಾಗಿಲು ಕಿರಿದಾಯಿತೆಂಬ ಆಕ್ಷೇಪವೂ ಬಂದಿತು. ಈ ಆಕ್ಷೇಪಗಳ ಹಿನ್ನೆಲೆಯಲ್ಲಿಯೇ 2020ರಲ್ಲಿ ರಾಜ್ಯವು ತನ್ನ ಕಾಯಿದೆಯನ್ನು ತಿದ್ದುಪಡಿ ಮಾಡಿ ಪ್ರಾಂಗಣದ ಹೊರಗಿನ ವ್ಯಾಪಾರಕ್ಕೆ ಅವಕಾಶ ಕೊಟ್ಟಿತು. ಅದೇ ವರ್ಷ ಸಂಸತ್ತು ಅಂಗೀಕರಿಸಿದ ಕೃಷಿ ಕಾಯಿದೆಗಳು ದೊಡ್ಡ ಚಳವಳಿಗೆ ಕಾರಣವಾಗಿ, 2021ರ ನವೆಂಬರಿನಲ್ಲಿ ರದ್ದಾದವು. ಪ್ರಾಂಗಣದ ಗೋಡೆ ರೈತನಿಗೆ ರಕ್ಷಣೆಯೋ ಬಂಧನವೋ ಎಂಬ ವಾದದಲ್ಲಿ ಎರಡೂ ಪಕ್ಷಗಳಿಗೆ ಆಧಾರಗಳಿವೆ. ಆದರೆ ವ್ಯಾಪಾರವು ಗೋಡೆಯ ಒಳಗೆ ನಡೆಯಲಿ, ಹೊರಗೆ ನಡೆಯಲಿ, ನಿಜವಾದ ತೂಕ, ಬಹಿರಂಗವಾದ ದರ, ಅನುಮತಿಯಿಲ್ಲದ ಕಡಿತವಿಲ್ಲದ ಪಟ್ಟಿ ಎಂಬ ಮೂರು ತತ್ತ್ವಗಳ ಬಗ್ಗೆ ಯಾವ ಪಕ್ಷವೂ ವಿವಾದ ಹೂಡಿಲ್ಲ. ಕಾಯಿದೆಗಳು ಬದಲಾದರೂ ಉಳಿಯುವ ಲಾಭ ಇದು.

ಇಂದು ರೈತನ ಪಟ್ಟಿಯಲ್ಲಿ ಧರ್ಮಾದಾಯಕ್ಕೆ ಸ್ಥಾನವಿಲ್ಲ. ಆದರೂ ಅದರ ಹಿಂದಿನ ಪ್ರಶ್ನೆ ಬೇರೆ ರೂಪಗಳಲ್ಲಿ ಎದುರಾಗುತ್ತದೆ. ಗಿರಾಕಿಯ ಬಿಲ್ಲಿನಲ್ಲಿ ಕೇಳದೆ ಸೇರಿಸಿದ ದೇಣಿಗೆ, ನೌಕರರ ಸಂಬಳದಿಂದ ವಿಚಾರಿಸದೆ ಹಿಡಿದ ವಂತಿಗೆ, ಸಂಸ್ಥೆಯ ಹಣದಿಂದ ಕೊಟ್ಟು ವ್ಯಕ್ತಿಯ ಹೆಸರಿನಲ್ಲಿ ಕೆತ್ತಿಸಿದ ಕಲ್ಲು, ಇವು ಹಳೆಯ ಖಾತೆಯ ಹೊಸ ಪುಟಗಳು. ಆದುದರಿಂದ ವಿಶ್ವಸ್ತ ಮಂಡಳಿಗಳು ದೇಣಿಗೆಯನ್ನು ಸ್ವೀಕರಿಸುವಾಗ ರಸೀತಿಯಲ್ಲಿ ಒಂದು ವಿವರವನ್ನು ಸೇರಿಸಿಕೊಳ್ಳುವುದು ಯುಕ್ತ. ಹಣ 'ಸ್ವಂತದ್ದು' ಎಂದು ಅಥವಾ 'ಹಲವರಿಂದ ಸಂಗ್ರಹಿಸಿದ್ದು' ಎಂದು ಕೊಡುವವರಿಂದಲೇ ಬರೆಯಿಸಿಕೊಂಡರೆ ಸಾಕು. ಸಂಗ್ರಹಿಸಿದುದಾದರೆ ಯಾರಿಂದ, ಅವರ ಒಪ್ಪಿಗೆಯಿತ್ತೇ ಎಂದು ಕೇಳಬೇಕು. ಫಲಕದಲ್ಲಿಯೂ ಹಾಗೆಯೇ ಬರೆಯಬೇಕು. ಇದರಿಂದ ಕೊಡುವ ಕೈಗಳು ಕಡಿಮೆಯಾಗಬಹುದೆಂಬ ಅಂಜಿಕೆ ಬೇಡ. ಎಂಟುನೂರು ವರ್ಷಗಳ ಹಿಂದೆ ವೇಣುಗ್ರಾಮದ ವರ್ತಕರು ಯಾವ ಸರಕಿನ ಮೇಲೆ ಎಷ್ಟು ಎಂಬುದನ್ನು ಎಲ್ಲರೂ ಓದುವಂತೆ ಬರೆಯಿಸಿಯೇ ಕೊಟ್ಟಿದ್ದರು. ಹಾಗೆ ಬರೆಯಿಸಲು ಅವರಿಗೆ ಯಾವ ಕಾಯಿದೆಯ ಒತ್ತಾಯವೂ ಬೇಕಾಗಿರಲಿಲ್ಲ.